ನಿಯಮ, ಕೃಪೆ, ವಿಧೇಯತೆ: ಫರ್ಡಿನಾಂಡ್ ಕಿಟೆಲ್ ಅವರ ಬದುಕಿನ ಒಂದು ಓದು

1. ಪ್ರವೇಶ

ಬೆಂಗಳೂರಿನ ಚಾಮರಾಜಪೇಟೆಯಲ್ಲಿರುವ ಕನ್ನಡ ಸಾಹಿತ್ಯ ಪರಿಷತ್ತು 1970ರಿಂದ 1995ರವರೆಗಿನ ಅವಧಿಯಲ್ಲಿ ಎಂಟು ಸಂಪುಟಗಳ ಕನ್ನಡ ನಿಘಂಟನ್ನು ಹೊರತಂದಿತು. ಆ ಮಹಾಕಾರ್ಯದ ಹಿಂದೆ ನಿಲ್ಲುವ ಮೊದಲ ದೊಡ್ಡ ಪ್ರಯತ್ನ 1894ರಲ್ಲಿ ಮಂಗಳೂರಿನಲ್ಲಿ ಅಚ್ಚಾದ ಕಿಟೆಲ್ ನಿಘಂಟು. ಕನ್ನಡದ ವಿದ್ವತ್ ಪರಂಪರೆ ರೆವರೆಂಡ್ ಫರ್ಡಿನಾಂಡ್ ಕಿಟೆಲ್ (1832-1903) ಅವರನ್ನು ನೆನೆಯುವುದು ಬಹುಮಟ್ಟಿಗೆ ಈ ಒಂದು ಗ್ರಂಥದ ಮೂಲಕ. ಅವರು ಮಿಶನರಿಯಾಗಿದ್ದರು ಎಂಬ ಸಂಗತಿಯನ್ನು ನಮ್ಮ ಬರಹಗಳು ಎರಡು ಬಗೆಯಲ್ಲಿ ನಿಭಾಯಿಸಿವೆ. ಅಭಿಮಾನದ ಬರಹಗಳಲ್ಲಿ ಅದು ಕ್ಷಮಿಸಿ ಮರೆಯಬೇಕಾದ ಹಿನ್ನೆಲೆ. ವಸಾಹತುಶಾಹಿಯನ್ನು ವಿಮರ್ಶಿಸುವ ಬರಹಗಳಲ್ಲಿ ಅದು ನಿಘಂಟಿನ ಮೇಲೂ ಸಂಶಯ ಮೂಡಿಸುವ ಕಾರಣ. ಎರಡೂ ಓದುಗಳಲ್ಲಿ ನಿಘಂಟುಕಾರ ಒಬ್ಬ, ಮಿಶನರಿ ಮತ್ತೊಬ್ಬ.

ಇವರಿಬ್ಬರೂ ಒಬ್ಬರೇ ಎಂಬುದು ಪ್ರಸ್ತುತ ಲೇಖನದ ನಿಲುವು. ಅವರನ್ನು ಒಂದುಗೂಡಿಸುವ ಎಳೆ ಕ್ರೈಸ್ತ ಚಿಂತನೆಯ ಹಳೆಯ ಪ್ರಶ್ನೆಯೊಂದರಲ್ಲಿದೆ. ದೇವರ ನಿಯಮಕ್ಕೂ ದೇವರ ಕೃಪೆಗೂ ಇರುವ ಸಂಬಂಧವೇನು? ಕೃಪೆಯಿಂದ ಬಿಡುಗಡೆ ಹೊಂದಿದವನು ಮತ್ತೆ ಯಾರಿಗೆ, ಯಾವುದಕ್ಕೆ, ಯಾಕಾಗಿ ವಿಧೇಯನಾಗಿರಬೇಕು? ಕಿಟೆಲ್ ಅವರಿಗೆ ಇದು ಪಾಠಶಾಲೆಯ ಪ್ರಶ್ನೆಯಾಗಿ ಉಳಿಯಲಿಲ್ಲ. ಧಾರವಾಡದಲ್ಲಿ, ನೀಲಗಿರಿಯಲ್ಲಿ, ಮಂಗಳೂರಿನಲ್ಲಿ, ಮಡಿಕೇರಿಯಲ್ಲಿ ಅವರು ಬದುಕಿದ ರೀತಿಯನ್ನೇ ಅದು ರೂಪಿಸಿತು. ಕನ್ನಡಕ್ಕೆ ಅವರು ಮಾಡಿದ ಕೆಲಸದ ಸ್ವರೂಪವೂ ಅದರಿಂದಲೇ ತಿಳಿಯಾಗುತ್ತದೆ.

2. ಪಾದ್ರಿಯ ಮನೆಯಿಂದ ಬಾಸೆಲ್‌ಗೆ

ಕಿಟೆಲ್ ಅವರು 1832ರ ಏಪ್ರಿಲ್ ತಿಂಗಳಲ್ಲಿ ಜರ್ಮನಿಯ ವಾಯವ್ಯ ಕರಾವಳಿಯ ಪೂರ್ವ ಫ್ರೀಸಿಯಾ ಪ್ರಾಂತದ ರೆಸ್ಟರ್‌ಹಾಫೆ ಎಂಬ ಹಳ್ಳಿಯಲ್ಲಿ ಹುಟ್ಟಿದರು. ವಿಲಿಯಂ ರೀವ್ ಅವರ ಕನ್ನಡ-ಇಂಗ್ಲಿಷ್ ನಿಘಂಟು ಪ್ರಕಟವಾದದ್ದೂ ಅದೇ ವರ್ಷ. ತಂದೆ ಪ್ರಾಟೆಸ್ಟಂಟ್ ಪಾದ್ರಿ. ಆ ಕಾಲದ ಪಾದ್ರಿಯ ಮನೆಯ ಹಿರಿಯ ಮಗನಿಗೆ ದೊರಕುವ ಶಾಸ್ತ್ರೀಯ ಶಿಕ್ಷಣ ಅವರಿಗೂ ದೊರಕಿತು. ಲ್ಯಾಟಿನ್, ಗ್ರೀಕ್ ಮತ್ತು ಹೀಬ್ರೂ ಭಾಷೆಗಳ ಪರಿಚಯ ಎಳವೆಯಲ್ಲಿಯೇ ಆಯಿತು. ಹದಿನೆಂಟರ ಪ್ರಾಯದಲ್ಲಿ, 1850ರಲ್ಲಿ, ಅವರು ಸ್ವಿಟ್ಜರ್ಲೆಂಡಿನ ಬಾಸೆಲ್ ನಗರದ ಮಿಶನ್ ಶಾಲೆಯನ್ನು ಸೇರಿದರು.

ಬಾಸೆಲ್ ಮಿಶನ್ 1815ರಲ್ಲಿ ಸ್ಥಾಪಿತವಾದ ಸಂಸ್ಥೆ. 1834ರಲ್ಲಿ ಹೆಬಿಕ್, ಲೇನರ್, ಗ್ರೈನರ್ ಎಂಬ ಮೂವರನ್ನು ಮಂಗಳೂರಿಗೆ ಕಳುಹಿಸುವುದರೊಂದಿಗೆ ಭಾರತದಲ್ಲಿ ಅದರ ಕಾರ್ಯ ಆರಂಭವಾಯಿತು. ದಕ್ಷಿಣ ಜರ್ಮನಿಯ ವ್ಯೂರ್ಟೆಂಬೆರ್ಗ್ ಪ್ರದೇಶದ ಪಯಟಿಸ್ಟ್ ಪಂಥ ಈ ಸಂಸ್ಥೆಯ ಬೆನ್ನೆಲುಬು. ಪಯಟಿಸಂ ಒಂದು ಭಕ್ತಿಪಂಥ. ಒಪ್ಪಿಕೊಂಡ ಸಿದ್ಧಾಂತಕ್ಕಿಂತ ಒಳಗಿನ ಪರಿವರ್ತನೆಗೆ ಅದು ಹೆಚ್ಚಿನ ಬೆಲೆ ಕೊಡುತ್ತದೆ, ಆ ಪರಿವರ್ತನೆ ದಿನನಿತ್ಯದ ನಡತೆಯಲ್ಲಿ ಕಾಣಬೇಕೆಂದು ಬಯಸುತ್ತದೆ. ಮಿಶನ್ ಶಾಲೆಗೆ ಬರುತ್ತಿದ್ದವರಲ್ಲಿ ಹೆಚ್ಚಿನವರು ರೈತರ ಮತ್ತು ಕಸುಬುದಾರರ ಮಕ್ಕಳು. ಅವರ ನಡುವೆ ಕಿಟೆಲ್ ಅವರ ಓದು ಎದ್ದು ಕಾಣುವಂತಿತ್ತು.

ಬಾಸೆಲ್‌ನ ಆಡಳಿತ ಸಮಿತಿಗೆ ವಿಧೇಯತೆ ಎಂಬುದು ಮಿಶನರಿಯ ಮೊದಲ ಗುಣ. ಯಾವ ಊರಿಗೆ ಹೋಗಬೇಕು, ಯಾವ ಕೆಲಸ ಮಾಡಬೇಕು ಎಂಬುದನ್ನೆಲ್ಲ ಸಮಿತಿಯೇ ತೀರ್ಮಾನಿಸುತ್ತಿತ್ತು. ಮದುವೆಗೂ ಸಮಿತಿಯ ಅನುಮತಿ ಬೇಕಾಗಿತ್ತು. ಅನೇಕ ವೇಳೆ ವಧುವನ್ನು ಗೊತ್ತುಮಾಡುವುದರಲ್ಲೂ ಮಿಶನ್ನಿನ ಪಾತ್ರವಿರುತ್ತಿತ್ತು. ಮಿಶನರಿಗೆ ದೊರಕುತ್ತಿದ್ದುದು ಜೀವನ ನಿರ್ವಹಣೆಯ ವೆಚ್ಚ ಮಾತ್ರ. 1850ರಿಂದ 1879ರವರೆಗೆ ಸಂಸ್ಥೆಯ ಮುಖ್ಯಸ್ಥರಾಗಿದ್ದ ಯೋಸೆಫ್ ಯೋಸೆನ್‌ಹಾನ್ಸ್ ಈ ಶಿಸ್ತನ್ನು ಇನ್ನಷ್ಟು ಬಿಗಿಗೊಳಿಸಿದರು. ಕಿಟೆಲ್ ಅವರು ಬಾಸೆಲ್‌ಗೆ ಕಾಲಿಟ್ಟ ವರ್ಷವೂ ಯೋಸೆನ್‌ಹಾನ್ಸ್ ಅಧಿಕಾರಕ್ಕೆ ಬಂದ ವರ್ಷವೂ ಒಂದೇ. ಅವರ ಬದುಕಿನ ಮೊದಲರ್ಧದ ಸಂಘರ್ಷಕ್ಕೆ ಭೂಮಿಕೆ ಹೀಗೆ ಸಿದ್ಧವಾಯಿತು.

3. ತಾತ್ವಿಕ ಹಿನ್ನೆಲೆ

ಕಥನವನ್ನು ಮುಂದುವರಿಸುವ ಮೊದಲು ಈ ಸಂಘರ್ಷದ ತಾತ್ವಿಕ ನೆಲೆಯನ್ನು ಗುರುತಿಸಿಕೊಳ್ಳುವುದು ಅಗತ್ಯ. ಬೈಬಲಿನ ಹಳೆಯ ಒಡಂಬಡಿಕೆಯಲ್ಲಿ ಮೋಶೆಯ ಮೂಲಕ ಇಸ್ರಾಯೇಲ್ ಜನಾಂಗಕ್ಕೆ ಬಂದ ಕಟ್ಟಳೆಗಳಿಗೆ ಹೀಬ್ರೂ ಭಾಷೆಯಲ್ಲಿ ತೋರಾ ಎಂದು ಹೆಸರು. ಆ ಶಬ್ದದ ಮೂಲಾರ್ಥ ಉಪದೇಶ. ಹತ್ತು ಆಜ್ಞೆಗಳು, ಬಲಿಯರ್ಪಣೆಯ ವಿಧಿಗಳು, ಮಡಿ-ಮೈಲಿಗೆಯ ನಿಯಮಗಳು, ಸಾಮಾಜಿಕ ನ್ಯಾಯದ ಕಟ್ಟಳೆಗಳು ಎಲ್ಲವೂ ಅದರಲ್ಲಿ ಸೇರುತ್ತವೆ. ಇಲ್ಲೊಂದು ಸೂಕ್ಷ್ಮವಿದೆ. ದೇವರು ಮೊದಲು ಆ ಜನರನ್ನು ಐಗುಪ್ತದ ದಾಸ್ಯದಿಂದ ಬಿಡಿಸುತ್ತಾನೆ, ಅನಂತರ ನಿಯಮವನ್ನು ಕೊಡುತ್ತಾನೆ. ಆದ್ದರಿಂದ ಬಿಡುಗಡೆ ನಿಯಮಪಾಲನೆಗೆ ಸಲ್ಲುವ ಕೂಲಿಯಾಗುವುದಿಲ್ಲ. ಬಿಡುಗಡೆಯಾದವರು ಬದುಕಬೇಕಾದ ಬಗೆಯೇ ನಿಯಮ.

ಹೊಸ ಒಡಂಬಡಿಕೆಯಲ್ಲಿ ಸಂತ ಪೌಲನು ಈ ಪ್ರಶ್ನೆಯನ್ನು ತೀಕ್ಷ್ಣಗೊಳಿಸಿದನು. ನಿಯಮವು ಮನುಷ್ಯನ ಪಾಪವನ್ನು ತೋರಿಸಿಕೊಡಬಲ್ಲದೇ ಹೊರತು ಅವನನ್ನು ನೀತಿವಂತನನ್ನಾಗಿಸಲಾರದು, ಅದು ಕ್ರಿಸ್ತನಲ್ಲಿ ಪ್ರಕಟವಾದ ಕೃಪೆಯಿಂದ ಮಾತ್ರ ಸಾಧ್ಯ ಎಂಬುದು ರೋಮಾಪುರದವರಿಗೂ ಗಲಾತ್ಯದವರಿಗೂ ಅವನು ಬರೆದ ಪತ್ರಗಳ ಸಾರ. ಹಾಗಾದರೆ ಕೃಪೆ ಹೊಂದಿದವನು ಹೇಗೂ ನಡೆಯಬಹುದೇ ಎಂಬ ಆಕ್ಷೇಪವನ್ನು ಅವನೇ ಎತ್ತಿ ನಿರಾಕರಿಸುತ್ತಾನೆ. ಯಾಕೋಬನ ಪತ್ರವಾದರೋ ಕ್ರಿಯೆಯಿಲ್ಲದ ನಂಬಿಕೆ ಸತ್ತದ್ದೆಂದು ಎಚ್ಚರಿಸುತ್ತದೆ. ಹದಿನಾರನೆಯ ಶತಮಾನದಲ್ಲಿ ಮಾರ್ಟಿನ್ ಲೂಥರ್ ಈ ಚರ್ಚೆಯನ್ನು ಯುರೋಪಿನ ಕೇಂದ್ರಕ್ಕೆ ತಂದರು. ನಂಬಿಕೆಯಿಂದ ಸ್ವತಂತ್ರನಾದವನೇ ಪ್ರೀತಿಯಿಂದ ಎಲ್ಲರ ಸೇವಕನಾಗುತ್ತಾನೆ ಎಂಬುದು ಕ್ರೈಸ್ತ ಸ್ವಾತಂತ್ರ್ಯವನ್ನು ಕುರಿತು 1520ರಲ್ಲಿ ಅವರು ಬರೆದ ಗ್ರಂಥದ ನಿಲುವು.

ಕನ್ನಡದ ಓದುಗರಿಗೆ ಈ ಜಿಜ್ಞಾಸೆ ಅಪರಿಚಿತವೇನಲ್ಲ. ಮೇಲುಕೋಟೆಯ ಪರಿಸರದಲ್ಲಿ ಬೆಳೆದ ಶ್ರೀವೈಷ್ಣವ ಸಂಪ್ರದಾಯವು ಜೀವನ ಪ್ರಯತ್ನಕ್ಕೂ ಭಗವಂತನ ಕೃಪೆಗೂ ಇರುವ ಸಂಬಂಧವನ್ನು ಮರ್ಕಟಕಿಶೋರ ಮತ್ತು ಮಾರ್ಜಾಲಕಿಶೋರ ನ್ಯಾಯಗಳ ಮೂಲಕ ಚರ್ಚಿಸಿತು. ಮರಿಕೋತಿ ತಾಯಿಯನ್ನು ತಾನೇ ತಬ್ಬಿ ಹಿಡಿಯಬೇಕು, ಬೆಕ್ಕಿನ ಮರಿಯನ್ನು ತಾಯಿಯೇ ಕಚ್ಚಿಕೊಂಡು ಒಯ್ಯುತ್ತದೆ. ವೈದಿಕ ಕರ್ಮಾಚರಣೆಯನ್ನು ನಿರಾಕರಿಸಿ ಪ್ರಸಾದತತ್ವವನ್ನು ಎತ್ತಿಹಿಡಿದ ಶರಣರು ಕಾಯಕದ ಮತ್ತು ಆಚಾರದ ನಿಷ್ಠೆಯನ್ನು ಬಿಟ್ಟುಕೊಡಲಿಲ್ಲ. ತಾತ್ವಿಕ ಭಿನ್ನತೆಗಳನ್ನು ಅಳಿಸಿಬಿಡಲು ಈ ಹೋಲಿಕೆಯನ್ನು ಬಳಸಬಾರದು. ಆದರೂ ಕಿಟೆಲ್ ಅವರು ಇಲ್ಲಿಗೆ ತಂದ ಪ್ರಶ್ನೆಗೆ ಈ ನೆಲದಲ್ಲಿ ಆಗಲೇ ದೀರ್ಘ ಚರಿತ್ರೆಯಿತ್ತು ಎಂಬುದನ್ನು ಮರೆಯಲಾಗದು.

4. ಧಾರವಾಡ: ಯಾರಿಗೆ ವಿಧೇಯತೆ?

1853ರಲ್ಲಿ ದೀಕ್ಷೆ ಪಡೆದ ಕಿಟೆಲ್ ಅವರು ಅದೇ ವರ್ಷ ಮಂಗಳೂರಿಗೆ ಬಂದು ಅಲ್ಲಿಂದ ಧಾರವಾಡಕ್ಕೆ ಹೋದರು. ಆಗ ಅವರಿಗೆ ಇಪ್ಪತ್ತೊಂದು ವರ್ಷ. ಹಿರಿಯರಾದ ಹರ್ಮನ್ ಮ್ಯೋಗ್ಲಿಂಗ್ ಅಷ್ಟರಲ್ಲಿ 1843ರ ‘ಮಂಗಳೂರ ಸಮಾಚಾರ’ ಪತ್ರಿಕೆಯಿಂದಲೂ ಕನ್ನಡ ಕಾವ್ಯಗಳನ್ನು ಅಚ್ಚಿಸಿದ ‘ಬಿಬ್ಲಿಯೊಥೆಕಾ ಕರ್ನಾಟಿಕಾ’ ಮಾಲೆಯಿಂದಲೂ ಹೆಸರಾಗಿದ್ದರು. ಜನರ ಭಾಷೆಯನ್ನೂ ಅವರು ಪ್ರೀತಿಸುವ ಕಾವ್ಯವನ್ನೂ ಬಲ್ಲವನು ಮಾತ್ರ ಅವರೊಂದಿಗೆ ಮಾತನಾಡಬಲ್ಲನು ಎಂಬ ಮ್ಯೋಗ್ಲಿಂಗ್ ಅವರ ಹಾದಿಯನ್ನು ಕಿಟೆಲ್ ಅವರು ಇನ್ನೂ ಮುಂದಕ್ಕೆ ಒಯ್ದರು.

ಸುವಾರ್ತೆಗಾಗಿ ಯೆಹೂದ್ಯರಿಗೆ ಯೆಹೂದ್ಯನಂತೆಯೂ ನಿಯಮವಿಲ್ಲದವರಿಗೆ ನಿಯಮವಿಲ್ಲದವನಂತೆಯೂ ಆದೆನೆಂದು ಪೌಲನು ಕೊರಿಂಥದವರಿಗೆ ಬರೆದ ಮೊದಲ ಪತ್ರದ ಒಂಬತ್ತನೆಯ ಅಧ್ಯಾಯದಲ್ಲಿ ಹೇಳಿಕೊಳ್ಳುತ್ತಾನೆ. ತಾನು ಕ್ರಿಸ್ತನ ನಿಯಮಕ್ಕೆ ಒಳಪಟ್ಟವನೆಂಬುದನ್ನು ಅಲ್ಲಿಯೇ ಸೇರಿಸುತ್ತಾನೆ. ಭಾರತೀಯರಿಗೆ ಭಾರತೀಯನಾಗುವುದು ಕಿಟೆಲ್ ಅವರ ಗುರಿಯಾಯಿತು. ಅವರು ಕುದುರೆ ಬಿಟ್ಟು ಕಾಲ್ನಡಿಗೆಯಲ್ಲಿ ಊರೂರು ಸುತ್ತಿದರು. ಮಿಶನ್ ಬಂಗಲೆಯ ಜೀವನಕ್ರಮದಿಂದ ದೂರ ಸರಿದು ಜನರ ನಡುವೆ ಸರಳವಾಗಿರಲು ಯತ್ನಿಸಿದರು. ಕನ್ನಡ ಮತ್ತು ಸಂಸ್ಕೃತಗಳ ಅಧ್ಯಯನಕ್ಕೆ ಹೆಚ್ಚಿನ ವೇಳೆಯನ್ನು ಮೀಸಲಿಟ್ಟರು.

ಸಹೋದ್ಯೋಗಿಗಳಿಗೆ ಇದು ವಿಚಿತ್ರವಾಗಿಯೂ ಅಹಂಕಾರದಂತೆಯೂ ಕಂಡಿತು. ಸಮಿತಿಯ ದೃಷ್ಟಿಯಲ್ಲಿ ಇದು ಸಾಂಸ್ಥಿಕ ಶಿಸ್ತಿನ ಪ್ರಶ್ನೆ. ಒಬ್ಬ ಯುವಕ ತನ್ನ ಒಳದನಿಯನ್ನು ದೇವರ ಕರೆಯೆಂದು ಬಗೆದು ಹಿರಿಯರ ಮಾತನ್ನು ಮೀರಿದರೆ ಅದು ವಿಧೇಯತೆಯೋ ಸ್ವಚ್ಛಂದತೆಯೋ? ಈ ಪ್ರಶ್ನೆಯನ್ನು ಸುಲಭವಾಗಿ ತಳ್ಳಿಹಾಕಲಾಗದು. ಒಳದನಿಯ ಹೆಸರಿನಲ್ಲಿ ಸ್ವಂತ ಇಚ್ಛೆಯನ್ನೇ ಪೂಜಿಸಿದವರ ಉದಾಹರಣೆಗಳು ಎಲ್ಲ ಧರ್ಮಗಳಲ್ಲೂ ಇವೆ. ಇನ್ನೊಂದೆಡೆ, ಕೃಪೆಯನ್ನು ಸಾರಲು ಹೊರಟ ಸಂಸ್ಥೆಯೇ ತನ್ನ ಕಟ್ಟಳೆಗಳನ್ನು ದೇವರ ಆಜ್ಞೆಯ ಸ್ಥಾನದಲ್ಲಿ ಇರಿಸಿಕೊಂಡಿತ್ತು. ಪೌಲನ ಪತ್ರವನ್ನು ಅಕ್ಷರಶಃ ಪಾಲಿಸಹೊರಟ ಕಿಟೆಲ್ ಅವರು ಸಂಸ್ಥೆಯ ಲೆಕ್ಕದಲ್ಲಿ ಅವಿಧೇಯರಾದರು.

ಫಲಿತಾಂಶ ಊಹಿಸಬಹುದಾದದ್ದೇ. ಕೆಲವೇ ವರ್ಷಗಳಲ್ಲಿ ಅವರನ್ನು ಧಾರವಾಡದಿಂದ ವರ್ಗಾಯಿಸಲಾಯಿತು. ನೀಲಗಿರಿಯ ಕೇಟಿಯಲ್ಲೂ ಅನಂತರ ಮಂಗಳೂರಿನಲ್ಲೂ ಅವರು ಕೆಲಸ ಮಾಡಬೇಕಾಯಿತು. ಅವರು ಮಿಶನ್ ಬಿಟ್ಟು ಹೋಗಲಿಲ್ಲ. ವರ್ಗಾವಣೆಯ ಆದೇಶಗಳನ್ನು ಒಪ್ಪಿಕೊಂಡರು, ಅಧ್ಯಯನವನ್ನೂ ಬಿಡಲಿಲ್ಲ. ಮುಂದಿನ ನಾಲ್ಕು ದಶಕಗಳ ಅವರ ಬದುಕಿನ ವಿನ್ಯಾಸ ಇಲ್ಲಿ ರೂಪುಗೊಂಡಿತು. ಊರು, ಹುದ್ದೆ, ಸೌಕರ್ಯಗಳ ವಿಷಯದಲ್ಲಿ ಸಂಸ್ಥೆಗೆ ಬಾಗಿದರು. ತನಗೆ ದೊರೆತ ಕರೆಯೆಂದು ಬಗೆದ ಕನ್ನಡದ ಕೆಲಸದಲ್ಲಿ ಬಾಗಲಿಲ್ಲ.

5. ‘ಕಥಾಮಾಲೆ’ಯಿಂದ ‘ಯಜ್ಞಸುಧಾನಿಧಿ’ಯವರೆಗೆ

1860ರಲ್ಲಿ ಕಿಟೆಲ್ ಅವರು ಪೌಲೀನೆ ಐಟ್ ಅವರನ್ನು ಮದುವೆಯಾದರು. ನಾಲ್ಕೇ ವರ್ಷಗಳಲ್ಲಿ, 1864ರಲ್ಲಿ, ಪೌಲೀನೆ ತೀರಿಕೊಂಡರು. ಎಳೆಯ ಮಕ್ಕಳ ಹೊಣೆ ತಂದೆಯ ಮೇಲೆ ಬಿತ್ತು. ತಾಯ್ನಾಡಿಗೆ ಹೋದ ಅವರು 1867ರಲ್ಲಿ ಪೌಲೀನೆಯವರ ತಂಗಿ ಯೂಲಿಯವರನ್ನು ವರಿಸಿ ಮತ್ತೆ ಭಾರತಕ್ಕೆ ಬಂದರು.

ಈ ನಡುವೆ 1862ರಲ್ಲಿ ‘ಕಥಾಮಾಲೆ’ ಪ್ರಕಟವಾಯಿತು. ಯೇಸುವಿನ ಚರಿತ್ರೆಯನ್ನು ಸಾಂಪ್ರದಾಯಿಕ ಕನ್ನಡ ಛಂದಸ್ಸಿನಲ್ಲಿ ಹೇಳಿದ ಕೃತಿ ಇದು. ಯುರೋಪಿನ ರಾಗಗಳಿಗೆ ಕನ್ನಡ ಪದಗಳನ್ನು ಹೊಂದಿಸಿ ಹಾಡುವ ಕೀರ್ತನೆಗಳು ಆಗ ಮಿಶನ್ ಸಭೆಗಳಲ್ಲಿ ರೂಢಿಯಲ್ಲಿದ್ದವು. ಗಮಕದ ಹಾಗೆ ಓದಿ ಕೇಳಿಸಬಹುದಾದ ರೂಪವನ್ನು ಕಿಟೆಲ್ ಅವರು ಆರಿಸಿಕೊಂಡರು. ಧಾರವಾಡದಲ್ಲಿ ನಡೆ-ನುಡಿಯ ಮಟ್ಟದಲ್ಲಿ ಮಾಡಹೊರಟು ತಡೆಯಲ್ಪಟ್ಟ ಪ್ರಯತ್ನವನ್ನು ಛಂದಸ್ಸಿನ ಮಟ್ಟದಲ್ಲಿ ಮುಂದುವರಿಸಿದರೆಂದು ಇದನ್ನು ಅರ್ಥೈಸಬಹುದು.

ಪ್ರಸ್ತುತ ವಿಷಯಕ್ಕೆ ಇನ್ನೂ ನೇರವಾಗಿ ಸಂಬಂಧಿಸಿದ್ದು 1872ರ ‘ಯಜ್ಞಸುಧಾನಿಧಿ’. ಯಜ್ಞದ ಕಲ್ಪನೆಯನ್ನು ಕುರಿತ ಈ ಪುಸ್ತಕದಲ್ಲಿ ವೈದಿಕ ಯಜ್ಞಪರಂಪರೆಯೂ ಕ್ರೈಸ್ತರ ಬಲಿಯ ಕಲ್ಪನೆಯೂ ಎದುರುಬದುರಾಗುತ್ತವೆ. ಹಳೆಯ ಒಡಂಬಡಿಕೆಯ ನಿಯಮದ ಹೃದಯದಲ್ಲಿ ಬಲಿಯರ್ಪಣೆಯಿದೆ. ಕ್ರಿಸ್ತನ ಮರಣದಲ್ಲಿ ಬಲಿಗಳೆಲ್ಲ ಒಮ್ಮೆಗೇ ಪೂರೈಸಿದವು ಎಂಬುದು ಕ್ರೈಸ್ತ ಸಿದ್ಧಾಂತದ ತಿರುಳು. ಇದನ್ನು ಕರ್ನಾಟಕದಲ್ಲಿ ಹೇಳುವಾಗ ಯಜ್ಞ ಎಂಬ ಶಬ್ದವನ್ನೇ ಬಳಸುವುದು ದೊಡ್ಡ ನಿರ್ಧಾರ. ಆ ಶಬ್ದ ಬಂದೊಡನೆ ಹೋತೃ, ಅಗ್ನಿ, ಹವಿಸ್ಸು, ಯಜಮಾನ ಎಲ್ಲರೂ ಬರುತ್ತಾರೆ. ಯಜಮಾನನು ವಿಧಿಪೂರ್ವಕವಾಗಿ ಮಾಡಿದ ಕರ್ಮಕ್ಕೆ ಫಲ ದೊರಕುತ್ತದೆಂಬ ನಂಬಿಕೆಯೂ ಬರುತ್ತದೆ. ಕೃಪೆಯ ಸಿದ್ಧಾಂತವಾದರೋ ಈ ಲೆಕ್ಕಾಚಾರವನ್ನೇ ತಲೆಕೆಳಗಾಗಿಸುತ್ತದೆ. ಅಲ್ಲಿ ಯಜ್ಞ ಮಾಡುವವನು ದೇವರು, ಫಲ ಹೊಂದುವವನು ಏನನ್ನೂ ಅರ್ಪಿಸದ ಮನುಷ್ಯ.

ಈ ತೊಡಕು ಕಿಟೆಲ್ ಒಬ್ಬರದಲ್ಲ. ಬಳ್ಳಾರಿಯಲ್ಲಿ ಜಾನ್ ಹ್ಯಾಂಡ್ಸ್ ಆರಂಭಿಸಿದ ಕನ್ನಡ ಬೈಬಲ್ ಅನುವಾದದ ಕೆಲಸ ಮುಂದೆ ಪರಿಷ್ಕರಣೆಗೆ ಒಳಗಾಯಿತು. ಅದರಲ್ಲಿ ಬಾಸೆಲ್ ಮಿಶನ್ನಿನ ಗಾಟ್‌ಫ್ರೀಡ್ ವೈಗ್ಲೆ ಅವರೂ, 1837ರಿಂದ ಅರ್ಧ ಶತಮಾನ ಬೆಂಗಳೂರಿನ ಪೇಟೆಯಲ್ಲಿ ಕೆಲಸ ಮಾಡಿದ ಲಂಡನ್ ಮಿಶನ್ನಿನ ಬೆಂಜಮಿನ್ ರೈಸ್ ಅವರೂ ತೊಡಗಿದ್ದರು. ರೈಸ್ ಅವರ ನೆನಪಿನ ಚರ್ಚು ಇಂದಿಗೂ ಅವೆನ್ಯೂ ರಸ್ತೆಯಲ್ಲಿದೆ. ಮುಂದೆ ರೂಢಿಗೆ ಬಂದ ಕನ್ನಡ ಬೈಬಲಿನಲ್ಲಿ ತೋರಾ ಎಂಬುದಕ್ಕೆ ಧರ್ಮಶಾಸ್ತ್ರ, ಅದರ ಎದುರಿಗೆ ಕೃಪೆ, ನಂಬಿಕೆ, ವಿಧೇಯತೆ ಎಂಬ ಶಬ್ದಗಳು ನೆಲೆಗೊಂಡವು. ಧರ್ಮಶಾಸ್ತ್ರ ಎಂದಾಗ ಕನ್ನಡದ ಓದುಗನ ಮನಸ್ಸಿಗೆ ಬರುವುದು ಸ್ಮೃತಿಗಳು, ವರ್ಣಾಶ್ರಮ, ಪ್ರಾಯಶ್ಚಿತ್ತ. ಆದ್ದರಿಂದ ಧರ್ಮಶಾಸ್ತ್ರದ ಕ್ರಿಯೆಗಳಿಂದ ಯಾರೂ ನೀತಿವಂತರಾಗರೆಂಬ ಪೌಲನ ವಾದವನ್ನು ಕನ್ನಡದಲ್ಲಿ ಓದಿದವನಿಗೆ ಅದು ಯೆಹೂದ್ಯರ ವಿಷಯವಾಗಿ ಮಾತ್ರ ಕೇಳಿಸುವುದಿಲ್ಲ, ತನ್ನ ಊರಿನ ಜಾತಿ ಕಟ್ಟಳೆಯ ವಿಷಯವಾಗಿಯೂ ಕೇಳಿಸುತ್ತದೆ. ಒಂದು ಶಬ್ದದ ಆಯ್ಕೆ ಇಡೀ ಸಿದ್ಧಾಂತದ ಗುರಿಯನ್ನು ಪಲ್ಲಟಗೊಳಿಸುತ್ತದೆ. ಯಾವ ಶಬ್ದ ಯಾವ ನೆನಪುಗಳನ್ನು ಹೊತ್ತು ಬರುತ್ತದೆಂದು ತಿಳಿಯದೆ ಯಾವ ಉಪದೇಶವೂ ಸಾಧ್ಯವಿಲ್ಲ. ನಿಘಂಟಿನ ಅಗತ್ಯ ಹುಟ್ಟುವುದೇ ಇಲ್ಲಿ.

6. ಸೂತ್ರಗಳ ಒಡನಾಟ

‘ಯಜ್ಞಸುಧಾನಿಧಿ’ ಬಂದ ವರ್ಷವೇ ಕೇಶಿರಾಜನ ‘ಶಬ್ದಮಣಿದರ್ಪಣ’ದ ಕಿಟೆಲ್ ಆವೃತ್ತಿಯೂ ಹೊರಬಂತು. 1874ರಲ್ಲಿ ‘ಕನ್ನಡ ಕಾವ್ಯಮಾಲೆ’, 1875ರಲ್ಲಿ ನಾಗವರ್ಮನ ‘ಛಂದೋಂಬುಧಿ’ ಪ್ರಕಟವಾದವು. ‘ಛಂದೋಂಬುಧಿ’ಗೆ ಅವರು ಬರೆದ ಪೀಠಿಕೆ ಕನ್ನಡ ಸಾಹಿತ್ಯ ಚರಿತ್ರೆಯ ಆರಂಭದ ಪ್ರಯತ್ನಗಳಲ್ಲಿ ಒಂದು. ಇದೇ ಅವಧಿಯಲ್ಲಿ ‘ಇಂಡಿಯನ್ ಆಂಟಿಕ್ವೆರಿ’ ಪತ್ರಿಕೆಯಲ್ಲಿ ಕರ್ನಾಟಕದ ವೈಷ್ಣವ ದಾಸರನ್ನೂ ಲಿಂಗಾಯತ ಪುರಾಣಕಥೆಗಳನ್ನೂ ಕುರಿತು ಅವರು ಲೇಖನಗಳನ್ನು ಬರೆದರು.

ಸುವಾರ್ತೆ ಸಾರಲು ಬಂದವರು ಜೈನ ವೈಯಾಕರಣನ ಹಸ್ತಪ್ರತಿಗಳ ಪಾಠಾಂತರಗಳಲ್ಲಿ ವರ್ಷಗಟ್ಟಲೆ ತೊಡಗಿದ್ದನ್ನು ಮಿಶನ್ನಿನ ಎಲ್ಲರೂ ಮೆಚ್ಚಿದರೆಂದು ಹೇಳಲಾಗದು. ಸಂಸ್ಥೆಯ ವರದಿಗಳು ಎಣಿಸುತ್ತಿದ್ದುದು ದೀಕ್ಷಾಸ್ನಾನ ಹೊಂದಿದವರನ್ನು, ಶಾಲೆಗಳನ್ನು, ಸಭೆಗಳನ್ನು. ಆ ಮಾನದಂಡದಲ್ಲಿ ಕಿಟೆಲ್ ಯಶಸ್ವಿ ಮಿಶನರಿಯಲ್ಲ. ಆದರೆ ಕೃಪೆಯ ಸಿದ್ಧಾಂತವನ್ನು ಗಂಭೀರವಾಗಿ ತೆಗೆದುಕೊಂಡವನಿಗೆ ಈ ಎಣಿಕೆಯೇ ಸಮಸ್ಯಾತ್ಮಕ. ಕರ್ಮಫಲದ ಲೆಕ್ಕವನ್ನು ನಿರಾಕರಿಸುವ ಉಪದೇಶಕನು ತನ್ನ ಕೆಲಸವನ್ನು ಫಲದ ಲೆಕ್ಕದಿಂದ ಅಳೆಯುವುದು ಹೇಗೆ? ಫಲ ಕಾಣದ ಕೆಲಸವನ್ನೂ ನಿಷ್ಠೆಯಿಂದ ಮಾಡುವ ಸ್ವಾತಂತ್ರ್ಯವನ್ನು ಆ ಸಿದ್ಧಾಂತವೇ ಕೊಡುತ್ತದೆ. ಕಿಟೆಲ್ ಅವರ ಪಾಂಡಿತ್ಯಕ್ಕೆ ಈ ಸ್ವಾತಂತ್ರ್ಯದ ಲಕ್ಷಣವಿದೆ.

7. ಸಭೆಯ ಕಟ್ಟಳೆ

ಇದೇ ಪ್ರಶ್ನೆಯನ್ನು ಸ್ಥಳೀಯ ಕ್ರೈಸ್ತರ ಕಡೆಯಿಂದಲೂ ನೋಡಬೇಕು. 1844ರಲ್ಲಿ ಮಂಗಳೂರಿನಲ್ಲಿ ಸಾರಸ್ವತ ಬ್ರಾಹ್ಮಣ ಯುವಕ ಆನಂದರಾವ್ ಕೌಂಡಿನ್ಯ ದೀಕ್ಷಾಸ್ನಾನ ಹೊಂದಿದರು. ಬಾಸೆಲ್‌ನಲ್ಲಿ ಓದಿ 1851ರಲ್ಲಿ ಪಾದ್ರಿಯಾಗಿ ದೀಕ್ಷೆ ಪಡೆದರು. ಅವರ ಪಾಲಿಗೆ ನಿಯಮದಿಂದ ಬಿಡುಗಡೆ ಎಂಬುದರ ಮೊದಲ ಅನುಭವ ಜಾತಿಯಿಂದ ಹೊರಬೀಳುವುದೇ ಆಗಿತ್ತು. ಮೇಲ್ಜಾತಿಯವರು ಅದರಿಂದ ಕಳೆದುಕೊಂಡದ್ದು ಬಂಧುತ್ವವನ್ನೂ ಆಸ್ತಿಯನ್ನೂ. ಕರಾವಳಿಯ ಬಿಲ್ಲವರು, ಕೊಡಗಿನ ಆನಂದಪುರದ ಹೊಲೆಯರು ಮೊದಲಾದವರಿಗೆ ಅದೇ ಬಿಡುಗಡೆ ಮನುಷ್ಯ ಘನತೆಯ ಭರವಸೆಯಾಗಿಯೂ ತೋರಿತು.

ಆದರೆ ಹಳೆಯ ಕಟ್ಟಳೆಯಿಂದ ಹೊರಬಂದವರಿಗೆ ಮಿಶನ್ ಸಭೆಯಲ್ಲಿ ಹೊಸ ಕಟ್ಟಳೆ ಕಾದಿತ್ತು. ಭಾನುವಾರದ ಆಚರಣೆ, ಮದ್ಯಪಾನ, ಸಾಲ, ಮದುವೆ, ಜಾತಿಭೇದದ ಆಚರಣೆ ಎಲ್ಲದಕ್ಕೂ ಲಿಖಿತ ನಿಯಮಾವಳಿಯಿತ್ತು. ಅದನ್ನು ಮೀರಿದವರನ್ನು ಪ್ರಭುಭೋಜನದಿಂದ ದೂರವಿಡುವ ಅಧಿಕಾರ ಸಭೆಯ ಹಿರಿಯರಿಗಿತ್ತು. ನೇಯ್ಗೆಯ ಮತ್ತು ಹಂಚಿನ ಕಾರ್ಖಾನೆಗಳಲ್ಲಿ ಅನ್ನದ ದಾರಿಯೂ ಸಭೆಯ ಶಿಸ್ತೂ ಒಂದೇ ಆವರಣದೊಳಗೆ ಸೇರಿಕೊಂಡವು. ಕೃಪೆಯ ಸುವಾರ್ತೆ ಕರ್ನಾಟಕಕ್ಕೆ ಬಂದದ್ದು ಬಿಗಿಯಾದ ನಿಯಮಗಳ ಹೊದಿಕೆಯಲ್ಲಿ. ಈ ವಿರೋಧಾಭಾಸವನ್ನು ಕೇವಲ ಕಪಟವೆಂದು ಕರೆಯುವುದು ಸರಿಯಲ್ಲ. ಜಾತಿಯ ಆಸರೆ ಕಳೆದುಕೊಂಡವರಿಗೆ ಹೊಸ ಸಮುದಾಯದ ಚೌಕಟ್ಟು ಬೇಕಾಗಿತ್ತೆಂಬುದೂ ನಿಜ. ಆದರೆ ಕೃಪೆಯಿಂದ ಹುಟ್ಟುವ ವಿಧೇಯತೆಗೂ ಮೇಲ್ವಿಚಾರಣೆಗೆ ಅಂಜಿ ತೋರುವ ವಿಧೇಯತೆಗೂ ಇರುವ ಅಂತರವನ್ನು ಸಂಸ್ಥೆ ಎಲ್ಲ ಸಂದರ್ಭದಲ್ಲೂ ಕಾಯ್ದುಕೊಳ್ಳಲಿಲ್ಲ. ಈ ಅಂತರವನ್ನು ಕಿಟೆಲ್ ಅವರು ಸ್ವತಃ ತಮ್ಮ ತಾರುಣ್ಯದಲ್ಲಿಯೇ ಅನುಭವಿಸಿದ್ದರು.

8. ನಿಘಂಟಿನ ವರ್ಷಗಳು

ರೀವ್ ಅವರ ನಿಘಂಟನ್ನು ಡೇನಿಯಲ್ ಸ್ಯಾಂಡರ್ಸನ್ ಪರಿಷ್ಕರಿಸಿ 1858ರಲ್ಲಿ ಬೆಂಗಳೂರಿನಲ್ಲಿ ಪ್ರಕಟಿಸಿದ್ದರು. ಆದರೆ ಹಳಗನ್ನಡ ಕಾವ್ಯಗಳ ಪ್ರಯೋಗಗಳನ್ನೂ ಆಡುಮಾತನ್ನೂ ಗಾದೆಗಳನ್ನೂ ಒಳಗೊಂಡ, ದೇಶ್ಯ ಮತ್ತು ಸಂಸ್ಕೃತ ಶಬ್ದಗಳನ್ನು ಬೇರ್ಪಡಿಸಿ ತೋರಿಸುವ, ಸೋದರ ದ್ರಾವಿಡ ಭಾಷೆಗಳೊಂದಿಗೆ ಹೋಲಿಸುವ ನಿಘಂಟು ಇರಲಿಲ್ಲ. ಆ ಹೊಣೆ ಕಿಟೆಲ್ ಅವರ ಮೇಲೆ ಬಿತ್ತು. ಕಾವ್ಯಗಳ ಅಚ್ಚಾದ ಪ್ರತಿಗಳು ವಿರಳವಾಗಿದ್ದ ಕಾಲವದು. ಓಲೆಗರಿಗಳನ್ನು ಓದಿಸಿ, ಸ್ಥಳೀಯ ಪಂಡಿತರೊಂದಿಗೆ ಚರ್ಚಿಸಿ, ಒಂದೊಂದು ಶಬ್ದಕ್ಕೂ ಆಕರವನ್ನು ಗುರುತಿಸುತ್ತ ಕೆಲಸ ಸಾಗಿತು. ಈ ಪಂಡಿತರ ಪಾಲು ನಮ್ಮ ಸಂಶೋಧನೆಯಲ್ಲಿ ಇನ್ನೂ ತಕ್ಕ ಮನ್ನಣೆ ಪಡೆಯಬೇಕಾಗಿದೆ.

1877ರಲ್ಲಿ ಅನಾರೋಗ್ಯದ ಕಾರಣ ಕಿಟೆಲ್ ಅವರು ಜರ್ಮನಿಗೆ ಮರಳಿದರು. ಅಲ್ಲಿಯೂ ನಿಘಂಟಿನ ಕೆಲಸ ನಡೆಯಿತು. ಆದರೆ ಕನ್ನಡ ಕಿವಿಗೆ ಬೀಳದ ಊರಿನಲ್ಲಿ ಅದು ಮುಗಿಯುವಂತಿರಲಿಲ್ಲ. 1883ರಲ್ಲಿ, ಐವತ್ತು ದಾಟಿದ ವಯಸ್ಸಿನಲ್ಲಿ, ಹೆಂಡತಿ ಮಕ್ಕಳನ್ನು ಅಲ್ಲಿಯೇ ಬಿಟ್ಟು ಒಬ್ಬರೇ ಹೊರಟು ಬಂದರು. ಹಿಂದಿರುಗಿದ್ದು 1892ರಲ್ಲಿ. ಸುಮಾರು ಒಂಬತ್ತು ವರ್ಷಗಳ ಈ ಅಗಲಿಕೆಯನ್ನು ನಮ್ಮ ಬರಹಗಳು ತ್ಯಾಗವೆಂದು ಕೊಂಡಾಡಿ ಮುಂದೆ ಸಾಗುತ್ತವೆ. ಅದರ ಬೆಲೆಯನ್ನು ತೆತ್ತವರು ಅವರೊಬ್ಬರೇ ಅಲ್ಲ. ಯೂಲಿಯವರೂ ಮಕ್ಕಳೂ ಆ ಬೆಲೆಯ ಪಾಲುದಾರರು. ಕರೆಗೆ ವಿಧೇಯನಾಗುವವನ ಸುತ್ತಲಿನವರು ಆ ವಿಧೇಯತೆಗಾಗಿ ಏನನ್ನು ಕಳೆದುಕೊಳ್ಳುತ್ತಾರೆ ಎಂಬುದು ಈ ಜೀವನ ನಮ್ಮ ಮುಂದಿಡುವ ಕಠಿಣ ಪ್ರಶ್ನೆ. ಅದಕ್ಕೆ ನಿಘಂಟಿನ ಹಿರಿಮೆ ಉತ್ತರವಾಗಲಾರದು.

1894ರಲ್ಲಿ ಮಂಗಳೂರಿನ ಬಾಸೆಲ್ ಮಿಶನ್ ಮುದ್ರಣಾಲಯದಿಂದ ಸುಮಾರು 70,000 ಶಬ್ದಗಳ, 1,752 ಪುಟಗಳ ಕನ್ನಡ-ಇಂಗ್ಲಿಷ್ ನಿಘಂಟು ಹೊರಬಂತು. 1896ರಲ್ಲಿ ಟ್ಯೂಬಿಂಗೆನ್ ವಿಶ್ವವಿದ್ಯಾಲಯ ಗೌರವ ಡಾಕ್ಟರೇಟ್ ನೀಡಿತು. 1903ರಲ್ಲಿ ಕನ್ನಡ ವ್ಯಾಕರಣ ಗ್ರಂಥ ಪ್ರಕಟವಾಯಿತು. ಅದೇ ವರ್ಷದ ಡಿಸೆಂಬರ್‌ನಲ್ಲಿ ಟ್ಯೂಬಿಂಗೆನ್‌ನಲ್ಲಿ ಕಿಟೆಲ್ ಅವರು ನಿಧನ ಹೊಂದಿದರು.

9. ಮಿತಿಗಳು

ಕಿಟೆಲ್ ಅವರನ್ನು ಸಮನ್ವಯದ ಸಂತನನ್ನಾಗಿ ಚಿತ್ರಿಸುವುದು ಚಾರಿತ್ರಿಕವಾಗಿ ಸರಿಯಾಗದು. ಭಾರತದಲ್ಲಿ ಲಿಂಗಪೂಜೆಯ ಮೂಲವನ್ನು ಕುರಿತು 1876ರಲ್ಲಿ ಜರ್ಮನ್ ಭಾಷೆಯಲ್ಲಿ ಅವರು ಪ್ರಕಟಿಸಿದ ಪುಸ್ತಕವಾಗಲಿ, ಸ್ಥಳೀಯ ಪಂಥಗಳ ಬಗೆಗಿನ ಲೇಖನಗಳಾಗಲಿ ಮಿಶನರಿಯ ದೃಷ್ಟಿಯಿಂದ ಮುಕ್ತವಲ್ಲ. ತನ್ನ ಧರ್ಮವನ್ನು ಅದರ ಕೃಪೆಯಿಂದಲೂ ಇತರರ ಧರ್ಮವನ್ನು ಅದರ ವಿಧಿನಿಷೇಧಗಳಿಂದಲೂ ಅಳೆಯುವ ಪ್ರವೃತ್ತಿ ಆ ಕಾಲದ ಮಿಶನ್ ಬರವಣಿಗೆಯಲ್ಲಿ ವ್ಯಾಪಕವಾಗಿತ್ತು. ದಾಸರ ಪದಗಳಲ್ಲೂ ಶರಣರ ನುಡಿಯಲ್ಲೂ ಇದ್ದ ಕೃಪೆಯ ಅನುಭವವನ್ನು ಅದು ತನ್ನ ಪ್ರಶ್ನೆಗೆ ದೊರೆತ ಇನ್ನೊಂದು ಉತ್ತರವೆಂದು ಗ್ರಹಿಸಲಿಲ್ಲ. ಕಿಟೆಲ್ ಅವರೂ ಈ ಮಿತಿಯನ್ನು ಪೂರ್ತಿಯಾಗಿ ದಾಟಿದರೆಂದು ಹೇಳಲಾಗದು.

ಆದರೆ ನಿಘಂಟಿನೊಳಗೆ ಈ ತೂಕ ಬದಲಾಗುತ್ತದೆ. ಅಲ್ಲಿ ಯಾವ ಶಬ್ದವೂ ತಾನು ಯಾವ ಪಂಥದಿಂದ ಬಂದೆನೆಂಬ ಕಾರಣಕ್ಕೆ ಹೊರಗುಳಿಯುವುದಿಲ್ಲ. ಜೈನ ವೈಯಾಕರಣ, ವೀರಶೈವ ಪುರಾಣಕಾರ, ವೈಷ್ಣವ ದಾಸ, ಗಾದೆ ಕಟ್ಟಿದ ಹೆಸರಿಲ್ಲದ ಜನ ಎಲ್ಲರೂ ಸಾಕ್ಷಿಗಳಾಗುತ್ತಾರೆ. ವಾದಿಸುವ ಕಿಟೆಲ್ ತೀರ್ಪು ಕೊಡುತ್ತಾರೆ. ನಿಘಂಟುಕಾರ ಕಿಟೆಲ್ ಕಿವಿಗೊಡುತ್ತಾರೆ. ವಿಧೇಯತೆ ಎಂಬುದರ ಮೂಲದಲ್ಲಿ ಕೇಳಿಸಿಕೊಳ್ಳುವ ಅರ್ಥವಿರುವುದನ್ನು ಬೈಬಲಿನ ಹೀಬ್ರೂ ಮತ್ತು ಗ್ರೀಕ್ ಭಾಷೆಗಳಲ್ಲಿ ಕಾಣಬಹುದು. ಆ ಅರ್ಥದಲ್ಲಿ ನಿಘಂಟು ಅವರ ಅತ್ಯಂತ ವಿಧೇಯ ಕೃತಿ.

10. ಸಮಾರೋಪ

1968-71ರ ಅವಧಿಯಲ್ಲಿ ಮರಿಯಪ್ಪ ಭಟ್ಟರ ಸಂಪಾದಕತ್ವದಲ್ಲಿ ಮದರಾಸು ವಿಶ್ವವಿದ್ಯಾಲಯವು ಕಿಟೆಲ್ ನಿಘಂಟಿನ ಪರಿಷ್ಕೃತ ಆವೃತ್ತಿಯನ್ನು ನಾಲ್ಕು ಸಂಪುಟಗಳಲ್ಲಿ ಪ್ರಕಟಿಸಿತು. ಧಾರವಾಡದ ಕಾಲೇಜೊಂದು ಅವರ ಹೆಸರು ಹೊತ್ತಿದೆ. ಬೆಂಗಳೂರಿನ ಮೇಯೋ ಹಾಲ್ ಸಮೀಪ ಅವರ ಪ್ರತಿಮೆ ಸ್ಥಾಪನೆಯಾಯಿತು. ಇವೆಲ್ಲ ನಿಘಂಟುಕಾರನಿಗೆ ಸಂದ ಗೌರವಗಳು. ಕನ್ನಡದ ಕೆಲಸವು ಮಿಶನ್ನಿನ ಲೆಕ್ಕಕ್ಕೆ ಸಿಗದಿದ್ದರೂ, ಕನ್ನಡಿಗರ ಕೃತಜ್ಞತೆ ದೊರಕೀತೆಂಬ ಖಾತ್ರಿ ಇಲ್ಲದಿದ್ದರೂ, ಅದನ್ನು ನಾಲ್ಕು ದಶಕಗಳ ಕಾಲ ಮಾಡಲು ಅವರಿಗೆ ಸಾಧ್ಯವಾದದ್ದು ಏಕೆ ಎಂಬ ಪ್ರಶ್ನೆಗೆ ಈ ಗೌರವಗಳಲ್ಲಿ ಉತ್ತರವಿಲ್ಲ. ಅದನ್ನು ಅವರ ಧರ್ಮಶ್ರದ್ಧೆಯ ಒಳಗೇ ಹುಡುಕಬೇಕಾಗುತ್ತದೆ. ಫಲಕ್ಕಾಗಿ ಮಾಡಿದ ಕೆಲಸ ಫಲ ಕಾಣದಾಗ ನಿಲ್ಲುತ್ತದೆ, ಅಂಜಿಕೆಯಿಂದ ಮಾಡಿದ್ದು ಮೇಲಿನವರ ಕಣ್ಣು ತಪ್ಪಿದೊಡನೆ ನಿಲ್ಲುತ್ತದೆ. ಕಿಟೆಲ್ ಅವರ ಕೆಲಸ ನಿಲ್ಲಲಿಲ್ಲ.

ಹತ್ತೊಂಬತ್ತನೆಯ ಶತಮಾನದ ಮಿಶನರಿ ಬರವಣಿಗೆಯನ್ನು ಭಾಷಾಸೇವೆ ಮತ್ತು ಮತಪ್ರಚಾರ ಎಂಬ ಎರಡು ಕಪಾಟುಗಳಲ್ಲಿ ವಿಂಗಡಿಸಿಡುವ ನಮ್ಮ ರೂಢಿಯನ್ನು ಮರುಪರಿಶೀಲಿಸುವುದಕ್ಕೆ ಈ ಬದುಕು ಸಾಕಷ್ಟು ಕಾರಣ ಕೊಡುತ್ತದೆ. ‘ಶಬ್ದಮಣಿದರ್ಪಣ’ದ ಆವೃತ್ತಿಯನ್ನು ‘ಯಜ್ಞಸುಧಾನಿಧಿ’ಯ ಪಕ್ಕದಲ್ಲಿಟ್ಟು ಓದುವ ಕೆಲಸ ಕನ್ನಡ ವಿಭಾಗಗಳಲ್ಲಿ ಇನ್ನು ಮೇಲಾದರೂ ಆಗಬೇಕು.